ವಾಲಿದ ವೀರಗಲ್ಲಿಗೆ ಮರಳಿ ನೆಲೆ: ಸಿಮೆಂಟ್ ಬಿಡಿಸಿ ನಿಲ್ಲಿಸಿದ ಕೆಲಸದ ದಾಖಲೆ

ಜಾಗ: ಸೊರಬ ತಾಲ್ಲೂಕಿನ ಒಂದು ಸಣ್ಣ ಊರು. ಕೆರೆ ಏರಿಯ ಬುಡದಿಂದ 25 ಅಡಿ ಆಚೆ, ಗದ್ದೆ ಬಯಲಿಗೆ ಇಳಿಯುವ ದಾರಿಯ ಪಕ್ಕ. ಕಲ್ಲು: ಮೂರು ಹಂತದ ವೀರಗಲ್ಲು, ಬಳಪದ ಕಲ್ಲಿನದು. ಕೆಳಗಿನ ಹಂತದಲ್ಲಿ ದನಗಳು, ಬಿಲ್ಲು ಹಿಡಿದ ವೀರ; ನಡುವೆ ಅವನನ್ನು ಒಯ್ಯುತ್ತಿರುವ ಅಪ್ಸರೆಯರು; ಮೇಲೆ ಲಿಂಗ, ಅದರ ನೆತ್ತಿಗೆ ಸೂರ್ಯ ಚಂದ್ರ. ಹಂತಗಳ ನಡುವಿನ ಪಟ್ಟಿಗಳಲ್ಲಿ ಬರಹ. ಊರಲ್ಲಿ ಇದನ್ನು ಭೂತಪ್ಪ ಎನ್ನುತ್ತಾರೆ.

ಸ್ಥಿತಿ: ಕಲ್ಲು ಹಿಂದಕ್ಕೆ ಸುಮಾರು 30 ಡಿಗ್ರಿ ವಾಲಿತ್ತು. ಕೆಳಗಿನ ಹಂತದ ಅರ್ಧ ಭಾಗ ನೆಲದೊಳಗೆ. ಬುಡದ ಮುಂಬದಿ ಮತ್ತು ಎರಡು ಪಕ್ಕಕ್ಕೆ ಕಾಂಕ್ರೀಟ್ ಸುರಿದು ಕಟ್ಟೆಯಂತೆ ಮಾಡಿದ್ದರು. ದಾರಿಗೆ ಮಣ್ಣು ಏರಿಸಿದಾಗ ಕಲ್ಲಿನ ಬೆನ್ನಿಗೆ ಚರಂಡಿಯಾಗಿ, ಮಳೆಗಾಲದಲ್ಲಿ ಅಲ್ಲೇ ನೀರು ನಿಂತು, ಹಿಂದಿನ ಮಣ್ಣು ಮೆತ್ತಗಾಗಿತ್ತು. ಮುಂದೆ ಕಾಂಕ್ರೀಟ್ ಗಟ್ಟಿ, ಹಿಂದೆ ಕೆಸರು: ಕಲ್ಲು ಕೆಸರಿನ ಕಡೆಗೇ ಹೋಗುತ್ತದೆ. ಬೀಳದಿರಲಿ ಎಂದು ಸುರಿದ ಕಾಂಕ್ರೀಟೇ ವಾಲುವುದಕ್ಕೆ ಆನಿಕೆಯಾಗಿತ್ತು.

ಕಾಂಕ್ರೀಟಿನಿಂದ ಇನ್ನೂ ಕೆಟ್ಟ ಕೆಲಸ ಅದರ ಅಂಚಿನಲ್ಲಿ ನಡೆದಿತ್ತು. ನೆಲದ ತೇವ ಕಲ್ಲಿನೊಳಗೆ ಮೇಲೇರುತ್ತದೆ. ಬುಡದ ಸುತ್ತ ಮಣ್ಣೋ ಜಲ್ಲಿಯೋ ಇದ್ದರೆ ಅಲ್ಲೇ ಆರಿಹೋಗುತ್ತದೆ. ಕಾಂಕ್ರೀಟ್ ಅದಕ್ಕೆ ದಾರಿ ಕೊಡದೆ, ತನ್ನ ಮೇಲಂಚಿನವರೆಗೂ ತಳ್ಳಿ, ಅಲ್ಲಿ ಆರುವಂತೆ ಮಾಡುತ್ತದೆ. ಸಿಮೆಂಟಿನಿಂದಲೇ ಬಂದ ಲವಣವೂ ಸೇರಿ ಆ ಗೆರೆಯಲ್ಲಿ ಹರಳುಗಟ್ಟುತ್ತದೆ. ಬಳಪದ ಕಲ್ಲು ಹಾಳೆ ಹಾಳೆಯಾಗಿ ಬಿಡುವ ಜಾತಿ. ಇಲ್ಲಿ ಕಾಂಕ್ರೀಟಿನ ಮೇಲೆ 2 ಇಂಚು ಅಗಲದ ಪಟ್ಟೆಯಲ್ಲಿ ಮೈ ಸುಲಿದು, ದನಗಳ ಬೆನ್ನು ಹೋಗಿತ್ತು. ಅದು ಮರಳಿ ಬಾರದು. ಮುಂದೆ ಹೋಗದಂತೆ ತಡೆಯುವುದಷ್ಟೇ ಈ ಕೆಲಸ.

ಅಳತೆ ಮತ್ತು ತೂಕ

ಕಾಣುವ ಭಾಗ ಅಳೆದು, ಪಕ್ಕದಲ್ಲಿ ಸಣ್ಣ ಬಿದಿರು ಕಡ್ಡಿ ಇಳಿಸಿ ತಳ ಹುಡುಕಿದಾಗ ಒಟ್ಟು ಉದ್ದ 5 ಅಡಿ 6 ಇಂಚು, ಅಗಲ 2 ಅಡಿ 6 ಇಂಚು, ದಪ್ಪ 6 ಇಂಚು. ಅಂದರೆ ಹತ್ತಿರ ಹತ್ತಿರ 6.9 ಘನ ಅಡಿ. ಬಳಪದ ಕಲ್ಲು ಘನ ಅಡಿಗೆ ಸುಮಾರು 80 ಕೆಜಿ ತೂಗುತ್ತದೆ (ಗ್ರಾನೈಟ್ ಆದರೆ 75), ಹಾಗಾಗಿ 550 ಕೆಜಿ ಎಂದು ಹಿಡಿಯಲಾಯಿತು. ಈ ಲೆಕ್ಕ ಮೊದಲೇ ಬೇಕು. "ಹತ್ತು ಜನ ಕೈ ಹಾಕಿದರೆ ಏಳುತ್ತದೆ" ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಎರಡೂವರೆ ಅಡಿ ಅಗಲದ ಕಲ್ಲಿನ ಸುತ್ತ ಹತ್ತು ಜನ ನಿಲ್ಲುವ ಜಾಗವೇ ಇಲ್ಲ. ನಿಂತರೂ ತಲೆಗೆ 55 ಕೆಜಿ, ಅದೂ ಬಗ್ಗಿ ಎತ್ತುವ ಭಾರ. ಜೆಸಿಬಿಯ ಮಾತೂ ಬಂತು. ಬಕೆಟ್ಟಿನ ಹಲ್ಲು ಉಗುರಿಗೂ ಗೀರು ಬೀಳುವ ಈ ಕಲ್ಲನ್ನು ಒಮ್ಮೆ ತಾಗಿದರೆ ಸಾಕು, ಒಂದು ಸಾಲು ಅಕ್ಷರ ಹೋಯಿತು.

ಅನುಮತಿ

ಕಲ್ಲು ಪ್ರಾಚೀನ ಸ್ಮಾರಕಗಳ ಕುರಿತ ಕೇಂದ್ರದ 1958ರ ಕಾಯ್ದೆಯಡಿಯೋ ರಾಜ್ಯದ 1961ರ ಕಾಯ್ದೆಯಡಿಯೋ ಸಂರಕ್ಷಿತವಾಗಿದ್ದರೆ ಊರಿನವರು ಮುಟ್ಟುವಂತಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಗುಂಡಿ ತೋಡುವ ಮೊದಲು ಹತ್ತಿರದ ದೇವಸ್ಥಾನ ಯಾವ ಪಟ್ಟಿಯಲ್ಲಿದೆ ಎಂದೂ ನೋಡಬೇಕು. ಇದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆದರೂ ಗ್ರಾಮ ಪಂಚಾಯಿತಿಯ ಠರಾವು, ತಹಶೀಲ್ದಾರರಿಗೆ ಪತ್ರ, ಪುರಾತತ್ವ ಇಲಾಖೆಗೆ ಫೋಟೊ ಸಹಿತ ಅರ್ಜಿ, ಅವರ ಲಿಖಿತ ಒಪ್ಪಿಗೆ ಬರುವವರೆಗೆ ಗುದ್ದಲಿ ಹಾಕಲಿಲ್ಲ. ಠರಾವಿನಲ್ಲಿ "ಇದ್ದ ಜಾಗದಲ್ಲೇ, ಇದ್ದ ದಿಕ್ಕಿಗೇ" ಎಂದು ಬರೆಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಕಲ್ಲು ಮೇಲೆದ್ದ ಮರುಕ್ಷಣ ಅದನ್ನು ದೇವಸ್ಥಾನದ ಅಂಗಳಕ್ಕೆ ಒಯ್ಯೋಣ ಎನ್ನುವ ಮಾತು ಬರುತ್ತದೆ. ದನ ಬಿಡಿಸುವಾಗ ಸತ್ತವನ ಕಲ್ಲು ಗದ್ದೆ ದಾರಿಯಲ್ಲಿದ್ದರೇ ಅರ್ಥ.

ಪೂಜೆ ಮಾಡುವ ಮನೆಯವರ ಒಪ್ಪಿಗೆ ಕಾಗದದಲ್ಲಿ ಬರುವುದಿಲ್ಲ, ಆದರೆ ಅದೇ ಮೊದಲು ಬೇಕಾದದ್ದು. ದಿನ ಅವರೇ ಹೇಳಿದರು, ಕಾಯಿ ಒಡೆದರು. ಕಾಯಿಯನ್ನು ಕಲ್ಲಿಗೆ ಹೊಡೆಯದೆ ಪಕ್ಕದ ಕಾಡುಗಲ್ಲಿಗೆ ಹೊಡೆಯುವಂತೆ ಕೇಳಿಕೊಂಡದ್ದಕ್ಕೆ ಯಾರೂ ಬೇಸರಿಸಲಿಲ್ಲ.

ಮುಟ್ಟುವ ಮೊದಲು

ಶಾಸನ ಆಗಲೇ ಓದಿ ಅಚ್ಚಾಗಿದೆಯೇ ಎಂದು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ಹುಡುಕಬೇಕು. ಬಿ.ಎಲ್. ರೈಸ್ ಹೊರತಂದ ಸಂಪುಟಗಳಲ್ಲಿ 8ನೆಯದು ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳದ್ದು; ತಾಲ್ಲೂಕಿನ ಹೆಸರಿನಡಿ ಕ್ರಮಸಂಖ್ಯೆ. ಊರಿನ ಹೆಸರಿನ ಕಾಗುಣಿತ ಈಗಿನಂತೆ ಇರುವುದಿಲ್ಲ, ಅಕ್ಕಪಕ್ಕದ ಊರುಗಳಡಿಯೂ ನೋಡಬೇಕು.

ಫೋಟೊ ಎರಡು ಬಗೆ. ಹಗಲಲ್ಲಿ ಮೋಡದ ಬೆಳಕಿಗೆ, ಸುತ್ತ ತಿರುಗುತ್ತ, ಒಂದರ ಮೇಲೊಂದು ಮುಕ್ಕಾಲು ಪಾಲು ಹೊಂದುವಂತೆ ನೂರರಷ್ಟು ಚಿತ್ರ. ಇವುಗಳಿಂದ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಕಟ್ಟಬಹುದು. ರಾತ್ರಿ, ಟಾರ್ಚನ್ನು ಕಲ್ಲಿನ ಮೈಗೆ ಹತ್ತಿರ, ಪಕ್ಕದಿಂದ ಓರೆಯಾಗಿ ಹಿಡಿದು ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ. ಹಗಲಲ್ಲಿ ಸಪಾಟಾಗಿ ಕಂಡ ಪಟ್ಟಿಯಲ್ಲಿ ರಾತ್ರಿ ಅಕ್ಷರ ಎದ್ದು ಬರುತ್ತದೆ. ಹಿಟ್ಟು, ಸೀಮೆಸುಣ್ಣ, ವಿಭೂತಿ ತಿಕ್ಕಿ ಓದುವ ಅಭ್ಯಾಸ ಬೇಡ. ಪುಡಿ ಸಂದಿಗಳಲ್ಲಿ ಉಳಿದುಬಿಡುತ್ತದೆ, ಹಿಟ್ಟಿಗಂತೂ ಬೂಷ್ಟು ಬರುತ್ತದೆ.

ಮಸಿ ಅಚ್ಚನ್ನು ಮೈ ಗಟ್ಟಿಯಿದ್ದ ಮೇಲಿನ ಪಟ್ಟಿಗೆ ಮಾತ್ರ ತೆಗೆದದ್ದು. ಕಲ್ಲು ಒದ್ದೆ ಮಾಡಿ, ನೆನೆಸಿದ ಮ್ಯಾಪ್ಲಿಥೊ ಕಾಗದವನ್ನು ನಡುವಿನಿಂದ ಅಂಚಿಗೆ ಒತ್ತಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ನೇರ ಬಡಿದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮುಕ್ಕಾಲು ಆರಿದ ಮೇಲೆ ಹತ್ತಿ ತುಂಬಿದ ಬಟ್ಟೆಯ ಉಂಡೆಗೆ ಮಸಿ ಹಚ್ಚಿ, ಮೊದಲು ಬೇರೆ ಕಾಗದದ ಮೇಲೆ ತಟ್ಟಿ ಹೆಚ್ಚಿನದನ್ನು ಕಳೆದು, ಹಗುರವಾಗಿ ತಟ್ಟುತ್ತ ಹೋಗಬೇಕು. ಅಕ್ಷರ ಬಿಳಿ ಉಳಿಯುತ್ತದೆ. ಕೆಡುವುದು ಎರಡೇ ಕಾರಣಕ್ಕೆ: ಕಾಗದ ಹಸಿಯಿರುವಾಗಲೇ ಮಸಿ ಹಾಕಿದರೆ ಅದು ಇಳಿದು ಕಲ್ಲಿಗೆ ಕಲೆಯಾಗುತ್ತದೆ, ಗಾಳಿಯಿದ್ದರೆ ಅಂಚು ಎದ್ದು ಹರಿಯುತ್ತದೆ. ಬೆಳಗ್ಗೆ ಎಂಟಕ್ಕೆ ಮುಂಚೆ ಮುಗಿಸುವುದು ಲೇಸು. ಸುಲಿಯುತ್ತಿರುವ ಮೈಗೆ ಕಾಗದ ಹಾಕಿದರೆ ಹಾಳೆಯೊಂದಿಗೆ ಕಲ್ಲೂ ಎದ್ದು ಬರುತ್ತದೆ.

ಕಲ್ಲಿನ ಮುಖ ಯಾವ ದಿಕ್ಕಿಗೆ ಎಂದು ದಿಕ್ಸೂಚಿಯಲ್ಲಿ ನೋಡಿ, ಹತ್ತಿರದ ಮಾವಿನ ಮರ ಮತ್ತು ಮೋರಿಯ ಮೂಲೆಯಿಂದ ಟೇಪು ಹಿಡಿದು ದೂರ ಬರೆದುಕೊಳ್ಳಲಾಯಿತು.

ಸಿಮೆಂಟ್ ಬಿಡಿಸಿದ್ದು

ಮೊದಲ ದಿನ ಹೋದದ್ದೆಲ್ಲ ಆಸರೆಗೆ. ಕಾಂಕ್ರೀಟ್ ಹೋದ ಗಳಿಗೆಗೆ ಕಲ್ಲು ಹಿಂದಕ್ಕೆ ಮಲಗುತ್ತದೆ. ಆದ್ದರಿಂದ ಬೆನ್ನಿಗೆ 20 ಮರಳು ಚೀಲ, ಅವುಗಳ ಮೇಲೆ ಹಲಗೆ, ಹಲಗೆಗೆ ಎರಡು ಊರೆಗೋಲು. ಮುಖಕ್ಕೆ ಗೋಣಿಚೀಲ ಎರಡು ಪದರ, ಅದರ ಮೇಲೆ ಹಳೆ ಟ್ಯೂಬಿನ ಪಟ್ಟಿ.

ಕಾಂಕ್ರೀಟ್ 5 ಇಂಚು ದಪ್ಪ, 14 ಇಂಚು ಅಗಲ. ಹೊರಗಿನ ಅಂಚಿನಿಂದ ಒಳಕ್ಕೆ ಬರಬೇಕು, ಏಟು ಯಾವಾಗಲೂ ಕಲ್ಲಿನಿಂದ ಹೊರಕ್ಕೆ ಬೀಳಬೇಕು. ಕಲ್ಲಿನಿಂದ 3 ಇಂಚು ದೂರದವರೆಗೆ ಕಟಿಂಗ್ ಮಷೀನಿನಲ್ಲಿ ಗೀರು ಹಾಕಿ ತುಂಡು ಎಬ್ಬಿಸಿದ್ದಾಯಿತು. ಅಲ್ಲಿಂದ ಒಳಕ್ಕೆ ಅರ್ಧ ಕೆಜಿ ಸುತ್ತಿಗೆ, ಸಣ್ಣ ಉಳಿ. ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರ ಬಳಸಲಿಲ್ಲ. ಅದರ ನಡುಕ ಹಾಳೆಗಲ್ಲಿನೊಳಗೆ ಕಾಣದ ಬಿರುಕನ್ನು ತೆರೆಯುತ್ತದೆ. ಕೊನೆಯ ಅರ್ಧ ಇಂಚನ್ನು ಎರಡು ದಿನ ಕೂತು ಕೆತ್ತಬೇಕಾಯಿತು. ಎಡ ಮೂಲೆಯಲ್ಲಿ ಅಂಗೈಯಗಲ ಸಿಮೆಂಟ್ ಕೊನೆಗೂ ಬಿಡಲಿಲ್ಲ. ಎಬ್ಬಿಸಲು ಹೋದಾಗ ಅದರೊಂದಿಗೆ ಕಲ್ಲಿನ ಪುಡಿ ಬಂತು, ಅಲ್ಲಿಗೇ ನಿಲ್ಲಿಸಲಾಯಿತು. ಆಸಿಡ್ ಹಾಕಿದರೆ ಕರಗುತ್ತದೆ ಎಂಬ ಸಲಹೆಗೆ ಕಿವಿಗೊಡಬಾರದು. ಸಿಮೆಂಟಿಗಿಂತ ಮುಂಚೆ ಅಕ್ಷರದ ಅಂಚು ಹೋಗುತ್ತದೆ.

ಕಾಂಕ್ರೀಟಿನಡಿ ಇನ್ನೊಂದು ಬರಹದ ಪಟ್ಟಿ ಸಿಕ್ಕಿತು, ಮೂರು ಸಾಲು. ಮಣ್ಣಲ್ಲಿದ್ದ ಭಾಗ ಮೇಲಿನದಕ್ಕಿಂತ ಚೆನ್ನಾಗಿತ್ತು. ತುಱು (ದನ) ಎಂಬ ಪದ, ಕೊನೆಗೆ ಸುರಲೋಕಪ್ರಾಪ್ತನಾದ ಎಂಬಂಥ ರೂಢಿಯ ಮಾತು ಎಲ್ಲಿ ಬರಬಹುದು ಎಂದು ತಿಳಿದಿದ್ದರೆ ಸವೆದ ಸಾಲಿನಲ್ಲೂ ಜಾಡು ಸಿಗುತ್ತದೆ. ಹಳಗನ್ನಡದ ಱ, ೞ ಅಕ್ಷರಗಳ ಪರಿಚಯವಿಲ್ಲದವರು ಊಹಿಸಿ ಓದುವುದಕ್ಕಿಂತ ಫೋಟೊವನ್ನು ಶಾಸನತಜ್ಞರಿಗೆ ಕಳಿಸುವುದು ಮೇಲು.

ಎತ್ತಿದ್ದು

ಕಲ್ಲು ಎತ್ತಲು ಮುಕ್ಕಾಲಿ, ಅಂದರೆ ಮೂರು ಕಾಲಿನ ಆಸರೆ: ಅದಕ್ಕೆ 14 ಅಡಿ ಉದ್ದದ ಮೂರು ಸರ್ವೆ ಕಂಬ, ಬುಡ 5 ಇಂಚು ದಪ್ಪ, ಗಂಟು ಬಿರುಕು ಇಲ್ಲದವು. ತುದಿಗೆ ಸರಪಣಿ ಮೂರು ಸುತ್ತು. ಕಾಲುಗಳ ನಡುವೆ 8 ಅಡಿ ಅಂತರ, ಪ್ರತಿ ಕಾಲಿಗೂ 6 ಇಂಚು ಗುಳಿ, ಮೂರೂ ಕಾಲನ್ನು ಸುತ್ತ ಹಗ್ಗದಲ್ಲಿ ಒಂದಕ್ಕೊಂದು ಬಿಗಿದದ್ದು. ಈ ಹಗ್ಗ ಮರೆತರೆ ಭಾರ ಬಿದ್ದಾಗ ಕಾಲು ಜಾರಿ ಮುಕ್ಕಾಲಿ ಚಪ್ಪಟೆಯಾಗುತ್ತದೆ. ಚೈನ್ ಪುಲ್ಲಿ 2 ಟನ್ನಿನದು, ನೈಲಾನ್ ಚಪ್ಪಟೆ ಬೆಲ್ಟ್ ಎರಡು, ತಲಾ 2 ಟನ್. ಅಗತ್ಯಕ್ಕಿಂತ ಮೂರೂವರೆ ಪಟ್ಟು ಹೆಚ್ಚು ತಾಳುವ ಸಾಮಾನು. ಬಾಡಿಗೆಗೆ ಬರುವ ಬೆಲ್ಟಿನ ಹೊಲಿಗೆ ಹೇಗಿದೆಯೋ ಹೇಳಲಾಗದು, ಹಾಗಾಗಿ ಇದು ದುಂದಲ್ಲ. ಕಬ್ಬಿಣದ ತಂತಿ ಹಗ್ಗ ಹತ್ತಿರವೂ ಬರಬಾರದು.

ಬೆಲ್ಟ್ ನೇರ ಕಲ್ಲಿಗೆ ತಾಗಿದರೆ ಉಬ್ಬಿದ ಕೆತ್ತನೆಯ ಮೇಲೇ ಭಾರವೆಲ್ಲ. ಎರಡು ಅಂಚಿಗೂ 3 ಇಂಚಿನ ರೀಪು, ಅದಕ್ಕೆ ಗೋಣಿ ಸುತ್ತಿ, ಬೆಲ್ಟ್ ರೀಪಿನ ಮೇಲೆ ಕೂರುವಂತೆ ಮಾಡಲಾಯಿತು. ಒಂದು ಬೆಲ್ಟ್ ಬುಡದಡಿಯಿಂದ ತೊಟ್ಟಿಲಿನಂತೆ, ಇನ್ನೊಂದು ಮೇಲಿನಿಂದ ಮೂರನೇ ಒಂದರ ಎತ್ತರದಲ್ಲಿ ಸೊಂಟಪಟ್ಟಿಯಂತೆ. ಕಲ್ಲಿನ ತೂಕದ ನಡುಬಿಂದು ಎರಡನೇ ಬೆಲ್ಟಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತಲೆಕೆಳಗಾಗುತ್ತದೆ.

ಮೊದಲು ನೆಟ್ಟಗೆ ಮಾಡಿ, ನಂತರ 4 ಇಂಚು ಮೇಲೆತ್ತಿ ಐದು ನಿಮಿಷ ಹಾಗೇ ಬಿಟ್ಟು, ಗಂಟು, ಕಾಲು, ಹೊಲಿಗೆ ನೋಡಿ ಮುಂದುವರಿದದ್ದು. ಒಂದು ಕಾಲು ಜಂಬಿಟ್ಟಿಗೆ ಮಣ್ಣಲ್ಲಿ ಒಂದೂವರೆ ಇಂಚು ಇಳಿದಿತ್ತು. ಕಲ್ಲನ್ನು ಮತ್ತೆ ನೆಲಕ್ಕೆ ಕೂರಿಸಿ, ಆ ಕಾಲಿನಡಿ ಚಪ್ಪಡಿ ಹಾಕಿ, ಪುನಃ ಎತ್ತಬೇಕಾಯಿತು. ಮೂರೂ ಕಾಲಿಗೆ ಮೊದಲೇ ಚಪ್ಪಡಿ ಹಾಕಿದ್ದರೆ ಒಂದು ತಾಸು ಉಳಿಯುತ್ತಿತ್ತು.

ಪಕ್ಕಕ್ಕೆ ಮಲಗಿಸಲು 4 ಇಂಚು ದಪ್ಪದ ಮರಳಿನ ಹಾಸಿಗೆ. ಎರಡು ತುದಿಗೆ ಎರಡು ದಿಮ್ಮಿ ಕೊಟ್ಟು ಮಲಗಿಸಿದರೆ ನಡುವೆ ಮುರಿಯುತ್ತದೆ. ವೀರಗಲ್ಲುಗಳು ಎರಡು ತುಂಡಾಗುವುದು ಬಿದ್ದಾಗ ಮಾತ್ರವಲ್ಲ, ಹೀಗೆ ಮಲಗಿಸಿದಾಗಲೂ. ಮೇಲೆ ನೆರಳಿಗೆ ತಟ್ಟಿ.

ಕಲ್ಲು ಎದ್ದ ಮೇಲೆ ಬುಡದ ಗುಟ್ಟು ತಿಳಿಯಿತು: ಕೆಳಗಿನ 14 ಇಂಚು ಒರಟಾಗಿಯೇ ಬಿಟ್ಟಿದ್ದರು, ಅಲ್ಲಿಂದ ಮೇಲೆ ಉಳಿಯ ನಯಗೆಲಸ. ಶಿಲ್ಪಿ ನೆಲದ ಮಟ್ಟವನ್ನು ಕಲ್ಲಿನ ಮೇಲೇ ಗುರುತು ಹಾಕಿಟ್ಟಿದ್ದಾನೆ. ಎಷ್ಟು ಹೂಳಬೇಕು ಎಂಬುದಕ್ಕೆ ಬೇರೆ ಲೆಕ್ಕ ಬೇಡ.

ಗುಂಡಿ ಮತ್ತು ನೀರಿನ ದಾರಿ

ಗುಂಡಿ 4 ಅಡಿ ಉದ್ದ, 3 ಅಡಿ ಅಗಲ, 26 ಇಂಚು ಆಳ. ತೋಡುವಾಗ ಹಾರೆ ಬೇಡ, ಪದರ ಪದರವಾಗಿ ಗುದ್ದಲಿಯಲ್ಲಿ ಕೆರೆದು, ಮಣ್ಣನ್ನು ಜರಡಿ ಹಿಡಿಯಬೇಕು. ಒಡೆದ ಮೇಲ್ಮೂಲೆಯ ತುಂಡು, ಚಂದ್ರನ ಅರ್ಧ ಇರುವ 9 ಇಂಚಿನದು, ಹೀಗೇ ಸಿಕ್ಕಿತು. ನಾಣ್ಯವೋ ಲೋಹದ ಸಾಮಾನೋ ಸಿಕ್ಕಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಬೇಕು. ಇಲ್ಲಿ ಮಡಕೆ ಚೂರು ಬಿಟ್ಟರೆ ಏನೂ ಇರಲಿಲ್ಲ.

ಜಲ್ಲಿ ತುಂಬಿದರೆ ನೀರು ಇಂಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಅಂಟುಮಣ್ಣಿನಲ್ಲಿ ತೋಡಿದ ಗುಂಡಿಗೆ ಜಲ್ಲಿ ತುಂಬಿದರೆ ಅದು ಜಲ್ಲಿ ತುಂಬಿದ ಹಂಡೆ, ಅಷ್ಟೆ. ಸುತ್ತಲ ನೀರೆಲ್ಲ ಸುಲಭವಾಗಿ ಅಲ್ಲಿಗೆ ಬಂದು ನಿಲ್ಲುತ್ತದೆ. ಮಲೆನಾಡಿನ ಮಳೆಗೆ ಕಲ್ಲಿನ ಬುಡ ಆರು ತಿಂಗಳು ನೀರಲ್ಲಿ. ಹೊರದಾರಿ ಇಲ್ಲದ ಜಲ್ಲಿಗಿಂತ ಬರೀ ಮಣ್ಣೇ ವಾಸಿ. ಈ ಜಾಗದಲ್ಲಿ ಅದೃಷ್ಟಕ್ಕೆ 12 ಅಡಿ ದೂರದಲ್ಲಿ ಗದ್ದೆ 3 ಅಡಿ ತಗ್ಗಿನಲ್ಲಿತ್ತು. ಗುಂಡಿಯ ತಳದಿಂದ ಅಲ್ಲಿಗೆ 1 ಅಡಿ ಅಗಲದ ಕಾಲುವೆ, 12 ಅಡಿಗೆ 3 ಇಂಚು ಇಳಿಜಾರು, ಅದಕ್ಕೆ 1 ಅಡಿ ಎತ್ತರ 40 ಮಿಮೀ ಜಲ್ಲಿ, ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಬಟ್ಟೆ, ಅದರ ಮೇಲೆ ಮಣ್ಣು. ಬಟ್ಟೆ ಹಾಕದಿದ್ದರೆ ಎರಡು ಮಳೆಗಾಲದಲ್ಲಿ ಜಲ್ಲಿಯ ಸಂದೆಲ್ಲ ಹೂಳು. ಬಾಯಿಗೆ ಕೈಯಳತೆ ಕಾಡುಗಲ್ಲು ಜೋಡಿಸಿ, ಇಲಿ ಏಡಿ ಹೊಕ್ಕು ಕೆದರದಂತೆ ಮಾಡಿದ್ದು. ಬೆನ್ನ ಹಿಂದಿನ ಚರಂಡಿಯನ್ನು 5 ಅಡಿ ಆಚೆ ಸರಿಸಲಾಯಿತು. ನಿಜ ಹೇಳಬೇಕೆಂದರೆ, ಕಲ್ಲು ಎತ್ತಿದ್ದಕ್ಕಿಂತ ಈ ಚರಂಡಿ ಸರಿಸಿದ್ದೇ ದೊಡ್ಡ ದುರಸ್ತಿ.

ಗುಂಡಿಗೆ ಬಿದ್ದ ಸಾಮಾನು: ತಳಕ್ಕೆ 8 ಇಂಚು 40 ಮಿಮೀ ಜಲ್ಲಿ, 8 ಘನ ಅಡಿ, ಎರಡು ಪದರದಲ್ಲಿ ದಮ್ಮಸ್ಸು ಹಾಕಿ ಗಟ್ಟಿ ಮಾಡಿದ್ದು (ಕಾಲುವೆಗೆ ಇನ್ನೂ 12), ಅದರ ಮೇಲೆ 3 ಅಡಿಗೆ ಒಂದೂವರೆ ಅಡಿ, 4 ಇಂಚು ದಪ್ಪದ ಗ್ರಾನೈಟ್ ಚಪ್ಪಡಿ, ಸುಮಾರು 110 ಕೆಜಿ, ಸುತ್ತ ಬಿಗಿಯಲು ಕಾಡುಗಲ್ಲು 11 ಘನ ಅಡಿ, ಮೇಲ್ಮುಚ್ಚಿಗೆಗೆ 20 ಮಿಮೀ ಜಲ್ಲಿ 4 ಘನ ಅಡಿ. ಊರಲ್ಲಿ ಜಂಬಿಟ್ಟಿಗೆ ಬೇಕಾದಷ್ಟು ಸಿಕ್ಕರೂ ಬುಡಕ್ಕೆ ಅದು ಬೇಡ; ನೀರು ಹೀರಿ ಹಿಡಿದಿಡುತ್ತದೆ.

ನಿಲ್ಲಿಸಿದ್ದು

ಚಪ್ಪಡಿಯ ಮೇಲೆ ಅರ್ಧ ಇಂಚು ಗಾರೆ. ಒರಟು ಬುಡ ಎರಡು ಮೂರು ಮೊನೆಗಳ ಮೇಲೆ ಕೂರದೆ ಪೂರ್ತಿ ಕೂರಲಿ ಎಂಬುದಕ್ಕೆ, ಅಂಟಿಸುವುದಕ್ಕಲ್ಲ. ಒಂದು ತಿಂಗಳು ನೀರಲ್ಲಿ ಕೊಳೆಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಮರಳು 2½, ಇಟ್ಟಿಗೆ ಸುರಕಿ (ಪುಡಿ) ½. ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ನೆಲದೊಳಗೆ ಅದು ಸಿಗದು. ಸುರಕಿ ಬೆರೆತರೆ ತೇವದಲ್ಲೂ ಹಿಡಿಯುತ್ತದೆ. ಒಂದು ಬಾಂಡ್ಲಿ ಸಾಕಾಯಿತು.

ಬುಡದಡಿ ಹಾದ ಬೆಲ್ಟನ್ನು ಕಲ್ಲು ಕೂತ ಮೇಲೆ ಎಳೆಯಲಾಗದು ಎಂಬುದು ಇಳಿಸುವಾಗ ನೆನಪಾಗುವ ಸಂಗತಿ. ಚಪ್ಪಡಿಯ ಮೇಲೆ ಬೆಲ್ಟ್ ಹಾಯುವಲ್ಲಿ 4 ಇಂಚು ಅಗಲ ಗಾರೆ ಬಿಟ್ಟು, ಎರಡೂ ಪಕ್ಕ ಬೆಲ್ಟಿಗಿಂತ ದಪ್ಪದ ಕಲ್ಲಿನ ಚಕ್ಕೆ ಇಟ್ಟಿದ್ದರಿಂದ ಅದು ಜಾರಿ ಹೊರಬಂತು.

ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡನ್ನು ಕಲ್ಲಿನ ಬೆನ್ನಿಗೆ ಹಿಡಿಯಬಾರದು, ಬೆನ್ನು ಏರುತಗ್ಗು. ಮುಖದ ಎರಡು ಅಂಚುಪಟ್ಟಿ ಮತ್ತು ನಡುವಿನ ಪಟ್ಟಿ, ಮೂರೂ ಕಡೆ ನೋಡಿ ಸರಾಸರಿ ಹಿಡಿದದ್ದು. ಬರಹದ ಸಾಲಿಗೆ ರಸಮಟ್ಟ. ನಂತರ ಎರಡೂ ಕಡೆಯಿಂದ ಏಕಕಾಲಕ್ಕೆ ಕಾಡುಗಲ್ಲು ಬಿಗಿಯಬೇಕು. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕಾಲು ಇಂಚು ಸರಿದಿರುತ್ತದೆ. ಕಲ್ಲಿನ ಮೈಗೆ ತಾಗುವ ಸಂದಿಗೆ ಚೂಪು ಚಕ್ಕೆ ಬೇಡ, ಮರಳು ಹಾಕಿ ಸಲಾಕೆಯಿಂದ ಇಳಿಸಬೇಕು. ನೆಲದಿಂದ 4 ಇಂಚು ಕೆಳಗೆ ಕಾಡುಗಲ್ಲು ತುಂಬುವುದನ್ನು ನಿಲ್ಲಿಸಿ, ಮೇಲೆ 20 ಮಿಮೀ ಜಲ್ಲಿ. ಹೊರಗೆ ನಿಂತದ್ದು 4 ಅಡಿ 4 ಇಂಚು. ಊರೆಗೋಲು ಹತ್ತು ದಿನ ಇತ್ತು.

ಮೈ ತೊಳೆದದ್ದು ನಂತರ: ನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್, ಬಿದಿರು ಕಡ್ಡಿ. ತೆಂಗಿನ ನಾರೂ ಈ ಕಲ್ಲಿಗೆ ಒರಟು. ಎಣ್ಣೆಯ ಕರಿ ಗಟ್ಟಿದ್ದಲ್ಲಿ ಮುಲ್ತಾನಿ ಮಣ್ಣನ್ನು ನೀರಲ್ಲಿ ಕಲಸಿ ಅರ್ಧ ಇಂಚು ಮೆತ್ತಿ, ಒಂದು ದಿನ ಪ್ಲಾಸ್ಟಿಕ್ ಹೊದಿಸಿ, ಆಮೇಲೆ ಆರಲು ಬಿಟ್ಟು ಎಬ್ಬಿಸಿದ್ದು. ಎರಡು ಬಾರಿಗೆ ಅರ್ಧ ಹೋಯಿತು, ಸಾಕು. ಲಿಂಗಕ್ಕೆ ಬಳಿದ ಎನಾಮೆಲ್ ಬಣ್ಣ ಮತ್ತು ಚಂದ್ರನ ತುಂಡು, ಇವೆರಡನ್ನೂ ಮುಟ್ಟಲಿಲ್ಲ. ಬಣ್ಣ ಇಲಾಖೆಯ ರಾಸಾಯನಿಕ ವಿಭಾಗದ ಕೆಲಸ. ತುಂಡನ್ನು ಅರಾಲ್ಡೈಟಿನಲ್ಲಿ ಅಂಟಿಸಿದರೆ ಅಂಟು ಕಲ್ಲಿಗಿಂತ ಗಟ್ಟಿ. ಮುಂದಿನ ಬಾರಿ ಒಡೆಯುವುದು ಹೊಸ ಜಾಗದಲ್ಲಿ. ಗುರುತು ಬರೆದು, ಪಟ್ಟಿ ಮಾಡಿ, ಪಂಚಾಯಿತಿಯ ಕಪಾಟಿನಲ್ಲಿಟ್ಟಿದೆ.

ಎಣ್ಣೆ ದೀಪ ಇಡಲು ಕಲ್ಲಿನಿಂದ 2 ಅಡಿ ಮುಂದೆ ಬೇರೊಂದು ಗ್ರಾನೈಟ್ ತುಂಡು ಹೂಳಲಾಗಿದೆ. ಟೈಲ್ಸ್ ಕಟ್ಟೆ, ತಗಡಿನ ಗುಡಿಯ ಮಾತು ಇನ್ನೂ ನಿಂತಿಲ್ಲ.

ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ: ಜಲ್ಲಿ ಒಂದು ಇಂಚು ಕುಸಿದಿತ್ತು, ಎರಡು ಬುಟ್ಟಿ ತುಂಬಿಸಿದ್ದಾಯಿತು. ಕಾಲುವೆಯ ಬಾಯಲ್ಲಿ ತಿಳಿನೀರು ಸಣ್ಣಗೆ ಹರಿಯುತ್ತಿತ್ತು. ತೂಕದ ಗುಂಡಿಗೆ ಎಡ ಅಂಚಿನಲ್ಲಿ ವ್ಯತ್ಯಾಸವಿಲ್ಲ, ಬಲ ಅಂಚಿನಲ್ಲಿ 2 ಮಿಮೀ ಹಿಂದಕ್ಕೆ. ಮುಂದಿನ ಅಳತೆ ಜನವರಿಯಲ್ಲಿ.